ತಾಲ್ಲೂಕಿನ ಐಟಿಐ ಊರಿನ ಕೆಲಸಕ್ಕೆ ಬರಬೇಕಾದರೆ: ಒಂದು ಸಮಗ್ರ ಮಾರ್ಗದರ್ಶಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಯಿತು. ಗೇಟು ಕೊಚ್ಚಿಕೊಂಡು ಹೋಯಿತು. ತುಂಬಿದ ಡ್ಯಾಮಿನ ನೀರು ಸುಮ್ನೆ ನದಿಗೆ ಹರಿಯತೊಡಗಿತು. ಆಗ ಕರೆಸಿದ್ದು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರನ್ನು. ನಿವೃತ್ತರಾಗಿ ಎಷ್ಟೋ ವರ್ಷವಾದ ಹಿರಿಯರು. ಹೊಸಪೇಟೆಯ ವರ್ಕ್‌ಶಾಪುಗಳಲ್ಲಿ, ತೋರಣಗಲ್ಲಿನ ಕಾರ್ಖಾನೆಯಲ್ಲಿ ಉಕ್ಕಿನ ಪ್ಲೇಟು ಕತ್ತರಿಸಿ ಬೆಸೆದು ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ಇಳಿಸುವ ತಾತ್ಕಾಲಿಕ ತಡೆ, ಮಾಡಿದರು. ಹರಿಯುವ ನೀರಿನಲ್ಲೇ ಅದನ್ನು ಇಳಿಸಿ, ಸುಮಾರು ಒಂದು ವಾರದಲ್ಲಿ ನೀರು ನಿಲ್ಲಿಸಿದರು.

ಎಲ್ಲರೂ ಬೆಳೆ ಏನಾಗುತ್ತದೋ ಅಂತ ಯೋಚಿಸುತ್ತಿದ್ದಾಗ ನನ್ನ ತಲೆ ಬೇರೆ ಕಡೆ ಹೋಗಿತ್ತು. ಐಟಿಐಯಲ್ಲಿ ಜೆಟಿಓ, ಅಂದರೆ ಕಿರಿಯ ತರಬೇತಿ ಅಧಿಕಾರಿ, ಆಗಿದ್ದವನ ತಲೆ ಅಲ್ಲಿಗೇ ಹೋಗುವುದು. ಅಣೆಕಟ್ಟಿಗೆ 33 ಗೇಟು, ವಯಸ್ಸು 70 ದಾಟಿದೆ. ಸುತ್ತಮುತ್ತ ಬೇಕಾದಷ್ಟು ಐಟಿಐಗಳಿವೆ. ವರ್ಷವರ್ಷ ಫಿಟ್ಟರ್, ವೆಲ್ಡರ್ ಹುಡುಗರು ಪಾಸಾಗಿ ಬರುತ್ತಾರೆ. ಅವರಲ್ಲಿ ಎಷ್ಟು ಜನ ಒಂದು ಸಲವಾದರೂ ಆ ಚೈನಿಗೆ ಗ್ರೀಸ್ ಹಚ್ಚಿದ್ದಾರೆ?

ಈ ಬರಹ ಬರೆಯುತ್ತಿರುವುದು ಅದೇ ಪ್ರಶ್ನೆ ಹಿಡಿದುಕೊಂಡು. ಐಟಿಐ ನಿರ್ವಹಣಾ ಸಮಿತಿಯಲ್ಲಿ ಕೂತವರು, ಪ್ರಾಚಾರ್ಯರು, ಜಿಲ್ಲಾ ಕೌಶಲ್ಯ ಕಚೇರಿಯವರು, ಊರಿನ ಮಿಲ್ಲು-ವರ್ಕ್‌ಶಾಪುಗಳ ಸಂಘದವರು ಓದಲಿ ಅಂತ. ಉದಾಹರಣೆಗಳು ನಾನು ಬಲ್ಲ ಭತ್ತದ ಸೀಮೆಯವು: ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ. ನಿಮ್ಮ ಕಡೆ ಕಾಫಿಯೋ ಕಬ್ಬೋ ಇದ್ದರೆ ಹೆಸರು ಬದಲಿಸಿಕೊಳ್ಳಿ. ದಾರಿ ಅದೇ.

ಮೊದಲ ಹಂತ: ಹಗ್ಗ ಯಾರ ಕೈಯಲ್ಲಿದೆ ಅಂತ ತಿಳಿಯಿರಿ

ಸಭೆಗಳಲ್ಲಿ ಅರ್ಧ ಹೊತ್ತು ಹಾಳಾಗುವುದು ಇದು ಗೊತ್ತಿಲ್ಲದ್ದಕ್ಕೆ. ಪ್ರಾಚಾರ್ಯರಿಗೆ "ಸಿಲಬಸ್ ಬದಲಿಸಿ" ಅಂದರೆ ಅವರು ನಗುತ್ತಾರೆ ಅಷ್ಟೇ. ಅದು ಅವರ ಕೈಯಲ್ಲಿಲ್ಲ.

ಐಟಿಐಗಳ ಕುಶಲಕರ್ಮಿ ತರಬೇತಿ ಯೋಜನೆ 1950ರಿಂದ ನಡೆದುಬಂದ ಕೇಂದ್ರದ ಯೋಜನೆ. ಯಾವ ಟ್ರೇಡು (ಕಸುಬಿನ ಕೋರ್ಸು), ಎಷ್ಟು ವರ್ಷ, ಯಾವ ಸಿಲಬಸ್, ಪರೀಕ್ಷೆ ಹೇಗೆ, ಇದೆಲ್ಲ ದೆಹಲಿಯ ತರಬೇತಿ ಮಹಾನಿರ್ದೇಶನಾಲಯದ್ದು. ಎಲ್ಲರೂ ಡಿಜಿಟಿ ಅನ್ನುತ್ತಾರೆ. ಅದರ ಮೇಲೆ ಎನ್‌ಸಿವಿಇಟಿ ಇದೆ. 1956ರಿಂದ ಇದ್ದ ಹಳೆ ಮಂಡಳಿ ಎನ್‌ಸಿವಿಟಿಯ ಜಾಗಕ್ಕೆ 2018ರಲ್ಲಿ ಅಧಿಸೂಚನೆಯಾಗಿ, 2020ರಲ್ಲಿ ಕೆಲಸ ಶುರು ಮಾಡಿದ ವೃತ್ತಿ ಶಿಕ್ಷಣದ ನಿಯಂತ್ರಣ ಸಂಸ್ಥೆ ಅದು.

ಸರ್ಕಾರಿ ಐಟಿಐ ನಡೆಸುವುದು, ಸಿಬ್ಬಂದಿ ಹಾಕುವುದು, ಪ್ರವೇಶ ಮಾಡಿಸುವುದು, ಖಾಸಗಿ ಐಟಿಐಗಳ ಮೇಲೆ ಕಣ್ಣಿಡುವುದು ರಾಜ್ಯದ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ.

ಇನ್ನು ಜಿಲ್ಲೆಗೆ ಬಂದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೌಶಲ್ಯ ಸಮಿತಿ. ವರ್ಷಕ್ಕೊಮ್ಮೆ ಜಿಲ್ಲಾ ಕೌಶಲ್ಯ ಯೋಜನೆ ಮಾಡುವುದು ಇದರ ಕೆಲಸ. ಜಾಸ್ತಿ ಕಡೆ ಹಳೆಯ ಯೋಜನೆಯ ಮೇಲೆ ಹೊಸ ವರ್ಷದ ಇಸವಿ ಬೀಳುತ್ತದೆ. ಆದರೆ ಒಂದು ಮಾತು ನೆನಪಿಡಿ. ಹೊಸ ಟ್ರೇಡು ಕೇಳಲು ಹೋದಾಗ ಮೇಲಿನವರು ಮೊದಲು ನೋಡುವ ಕಾಗದ ಇದೇ.

ಕೊನೆಗೆ ಐಟಿಐ ನಿರ್ವಹಣಾ ಸಮಿತಿ. 2007-08ರಲ್ಲಿ ಕೇಂದ್ರ ಸರ್ಕಾರ 1396 ಸರ್ಕಾರಿ ಐಟಿಐಗಳನ್ನು ಖಾಸಗಿ ಸಹಭಾಗಿತ್ವಕ್ಕೆ ಆರಿಸಿತು. ಒಂದೊಂದು ಸಮಿತಿಗೆ 2.5 ಕೋಟಿ ರೂಪಾಯಿ ಬಡ್ಡಿಯಿಲ್ಲದ ಸಾಲ. ಅಧ್ಯಕ್ಷರು ಉದ್ಯಮದವರು, ಕಾರ್ಯದರ್ಶಿ ಪ್ರಾಚಾರ್ಯರು. ಶೇ 20ರವರೆಗಿನ ಸೀಟುಗಳಿಗೆ ಪ್ರವೇಶ ಹೇಗೆ ಅಂತ ತೀರ್ಮಾನಿಸುವ ಅಧಿಕಾರವೂ ಸಮಿತಿಗೆ ಬಂತು. ನಿಮ್ಮ ಐಟಿಐ ಆ ಪಟ್ಟಿಯಲ್ಲಿದೆಯೇ, ಸಮಿತಿಯ ಖಾತೆಯಲ್ಲಿ ಎಷ್ಟಿದೆ, ಕೊನೆಯ ಸಭೆ ಯಾವಾಗ ಆಯಿತು, ಇವತ್ತೇ ಕೇಳಿ. ಎಷ್ಟೋ ಕಡೆ ದುಡ್ಡು ಬ್ಯಾಂಕಿನಲ್ಲಿ ಮಲಗಿರುತ್ತದೆ, ಸಮಿತಿ ಮನೆಯಲ್ಲಿ.

ಎರಡನೇ ಹಂತ: "ಎಷ್ಟು ಜನ ಬೇಕು" ಅಂತ ಕೇಳಬೇಡಿ

ಕೌಶಲ್ಯ ಸಮೀಕ್ಷೆ ಅಂದರೆ ಸಾಮಾನ್ಯವಾಗಿ ಒಂದು ಫಾರಂ. "ಮುಂದಿನ ಐದು ವರ್ಷಕ್ಕೆ ಯಾವ ಕೌಶಲ್ಯದ ಎಷ್ಟು ಜನ ಬೇಕು?" ಮಾಲೀಕರು ಬಾಯಿಗೆ ಬಂದ ಸಂಖ್ಯೆ ಬರೆಯುತ್ತಾರೆ. ಹತ್ತು, ಐವತ್ತು. ಬರೆದರೆ ನಷ್ಟವೇನಿಲ್ಲವಲ್ಲ.

ಬದಲಿಗೆ ಹೀಗೆ ಕೇಳಿ. ಹೋದ ಸೀಸನ್ನಿನಲ್ಲಿ ನಿಮ್ಮಲ್ಲಿ ಏನು ಕೆಟ್ಟಿತು? ಎಷ್ಟು ದಿನ ನಿಂತಿತು? ರಿಪೇರಿಗೆ ಯಾರನ್ನು ಕರೆದಿರಿ, ಎಲ್ಲಿಂದ? ಅವರಿಗೆ ಎಷ್ಟು ಕೊಟ್ಟಿರಿ? ಈ ನಾಲ್ಕಕ್ಕೆ ಉತ್ತರ ಎಲ್ಲರ ಬಾಯಲ್ಲೂ ಇರುತ್ತದೆ. ಬಿಲ್ಲೂ ಇರುತ್ತದೆ.

ಒಮ್ಮೆ ಕಾರಟಗಿ ಕಡೆಯ ಒಂದು ಅಕ್ಕಿ ಮಿಲ್ಲಿನಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತಿದ್ದೆ. ಮಿಲ್ಲು ನಿಂತಿತ್ತು. ಕೆಟ್ಟಿದ್ದು ಸಾರ್ಟೆಕ್ಸ್. ಅಕ್ಕಿಯಲ್ಲಿ ಕಪ್ಪು ಕಾಳು, ಹಳದಿ ಕಾಳು ಆರಿಸುವ ಯಂತ್ರ. ಅಕ್ಕಿ ಜಾರುತ್ತಾ ಕ್ಯಾಮೆರಾ ಮುಂದೆ ಬರುತ್ತದೆ. ಬಣ್ಣ ತಪ್ಪಿದ ಕಾಳು ಕಂಡ ಕೂಡಲೇ ಸಣ್ಣ ತೂತಿನಿಂದ ಗಾಳಿ ಹೊಡೆದು ಅದನ್ನು ಆಚೆ ಎಸೆಯುತ್ತದೆ. ಆವತ್ತು ಒಳ್ಳೆ ಅಕ್ಕಿಯೂ ರಿಜೆಕ್ಷನ್ ಚೀಲಕ್ಕೆ ಬೀಳುತ್ತಿತ್ತು. ಮಾಲೀಕರಿಗೆ ಹೊಟ್ಟೆ ಉರಿ.

"ಇಂಜಿನಿಯರ್ ಬೆಂಗಳೂರಿಂದ ಬರಬೇಕ್ರಿ ಸರ. ನಾಳೆ ಅಂತಾನ, ನಾಡಿದ್ದು ಅಂತಾನ. ಹಮಾಲರು ಕುಂತು ಕೂಲಿ ತಗೋತಾರ" ಅಂದರು.

ಯಂತ್ರದ ಹಿಂದೆ ಹೋಗಿ ನೋಡಿದೆ. ಕಂಪ್ರೆಸರಿನ ಟ್ಯಾಂಕಿನಲ್ಲಿ ನೀರು ನಿಂತಿತ್ತು. ಡ್ರೈನ್ ಮಾಡಿ ಎಷ್ಟು ದಿನವಾಗಿತ್ತೋ. ಏರ್ ಫಿಲ್ಟರ್ ಎಣ್ಣೆ ಹಿಡಿದು ಕಪ್ಪಾಗಿತ್ತು. ಆ ಒದ್ದೆ ಗಾಳಿಯೇ ಒಳಗೆ ಹೋಗಿ ಗಾಳಿ ಹೊಡೆಯುವ ವಾಲ್ವುಗಳು ಜಾಮ್ ಆಗಿದ್ದವು. ಕ್ಯಾಮೆರಾ ಸರಿಯಿತ್ತು, ಬೋರ್ಡ್ ಸರಿಯಿತ್ತು. ಕೆಟ್ಟಿದ್ದು ಗಾಳಿ.

ಇದಕ್ಕೆ ಹೊಸ ಕೋರ್ಸ್ ಬೇಕೇ? ಬೇಡ. ಫಿಟ್ಟರ್ ಟ್ರೇಡಿನ ಎರಡನೇ ವರ್ಷದಲ್ಲಿ ನ್ಯೂಮ್ಯಾಟಿಕ್ಸ್ ಪಾಠ ಇದ್ದೇ ಇದೆ. ಕಂಪ್ರೆಸರ್, ಫಿಲ್ಟರ್, ರೆಗ್ಯುಲೇಟರ್, ವಾಲ್ವು. ಎಷ್ಟೋ ಐಟಿಐಗಳಲ್ಲಿ ಅದನ್ನು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಮುಗಿಸುತ್ತಾರೆ. ಊರಿನ ಅತಿ ದೊಡ್ಡ ತೊಂದರೆಗೆ ಮದ್ದು ಆಗಲೇ ಸಿಲಬಸ್ಸಿನಲ್ಲಿದೆ, ಕಲಿಸುತ್ತಿಲ್ಲ ಅಷ್ಟೇ. ಇದೊಂದು ವಿಷಯ ಗೊತ್ತಾದದ್ದಕ್ಕೆ ಆ ಅರ್ಧ ದಿನ ಸಾರ್ಥಕ ಅನಿಸಿತು.

ಹೀಗೆ ತಾಲ್ಲೂಕಿನಲ್ಲಿ 30-40 ಕಡೆ ಹೋಗಿ. ಬರೀ ದೊಡ್ಡ ಕಾರ್ಖಾನೆಗೆ ಹೋಗಿ ಬರಬೇಡಿ. ಟ್ರ್ಯಾಕ್ಟರ್ ಗ್ಯಾರೇಜು, ಮೋಟರ್ ರಿವೈಂಡಿಂಗ್ ಅಂಗಡಿ, ಫ್ಯಾಬ್ರಿಕೇಷನ್ ಶೆಡ್ಡು, ಕೋಲ್ಡ್ ಸ್ಟೋರೇಜು, ಆಸ್ಪತ್ರೆಯ ಜನರೇಟರ್ ಕೋಣೆ, ಏತ ನೀರಾವರಿಯ ಪಂಪ್‌ಹೌಸು. ಬಿಡಿಭಾಗ ಮಾರುವ ಅಂಗಡಿಯವರನ್ನು ಮರೆಯಬೇಡಿ. ಯಾವ ಬೇರಿಂಗು ಜಾಸ್ತಿ ಹೋಗುತ್ತದೆ, ಯಾವ ಬೆಲ್ಟು ಹೋಗುತ್ತದೆ ಅಂತ ಅವರಷ್ಟು ಚೆನ್ನಾಗಿ ಯಾವ ಇಲಾಖೆಗೂ ಗೊತ್ತಿಲ್ಲ.

ಸಮಯ ನೋಡಿ ಹೋಗಿ. ಸುಗ್ಗಿಯಲ್ಲಿ, ಅಂದರೆ ನವೆಂಬರ್-ಡಿಸೆಂಬರ್ ಮತ್ತು ಏಪ್ರಿಲ್-ಮೇ ಹೊತ್ತಿನಲ್ಲಿ, ಮಿಲ್ಲಿನವರು ನಿಮ್ಮ ಮುಖವನ್ನೂ ನೋಡುವುದಿಲ್ಲ. ಆದರೆ ಒಂದೆರಡು ಸಲ ಸುಗ್ಗಿಯಲ್ಲೇ ಹೋಗಿ ದೂರ ನಿಂತು ನೋಡಿ. ಕೆಡುವುದು ಆವಾಗಲೇ ತಾನೆ? ಗದ್ದೆಗೆ ಇಳಿದ ಭತ್ತ ಕೊಯ್ಯುವ ಯಂತ್ರಗಳ ನಂಬರ್ ಪ್ಲೇಟ್ ಓದಿ. ಬೇರೆ ರಾಜ್ಯದವು ಬೇಕಾದಷ್ಟು ಸಿಗುತ್ತವೆ. ಯಂತ್ರದ ಜೊತೆ ಡ್ರೈವರ್ರೂ ಅಲ್ಲಿಂದಲೇ, ಮೆಕ್ಯಾನಿಕ್ಕೂ ಅಲ್ಲಿಂದಲೇ. ಊರಿನ ಕೆಲಸ ಊರಿನವರಿಗೆ ತಪ್ಪುತ್ತಿರುವುದು ಎಲ್ಲಿ ಅಂತ ಅಲ್ಲೇ ಗೊತ್ತಾಗುತ್ತದೆ.

ಮೂರನೇ ಹಂತ: ಐಟಿಐ ಒಳಗಿನ ಲೆಕ್ಕ

ಹೊರಗಿನದು ಆಯಿತು. ಈಗ ಒಳಗಿನದು. ತಾಲ್ಲೂಕಿನ ಎಲ್ಲ ಐಟಿಐಗಳದ್ದೂ ಬೇಕು, ಖಾಸಗಿಯವೂ ಸೇರಿ. ರಾಜ್ಯದಲ್ಲಿ ಸರ್ಕಾರಿಗಿಂತ ಖಾಸಗಿ ಐಟಿಐಗಳ ಸಂಖ್ಯೆಯೇ ಜಾಸ್ತಿ. ಅವನ್ನು ಬಿಟ್ಟು ಮಾಡಿದ ಯೋಜನೆ ಕುಂಟು ಯೋಜನೆ.

ಒಂದೊಂದು ಟ್ರೇಡಿಗೆ ಐದು ಸಂಖ್ಯೆ ಬರೆಯಿರಿ. ಮಂಜೂರಾದ ಸೀಟು, ಸೇರಿದವರು, ನಿಜವಾಗಿ ಬರುತ್ತಿರುವವರು, ಪಾಸಾದವರು, ಒಂದು ವರ್ಷದ ನಂತರ ಅದೇ ಕೆಲಸದಲ್ಲಿ ಇರುವವರು. ಮಾತಿಗೆ ಹೇಳುವುದಾದರೆ 20, 20, 13, 11, 3. ಮೊದಲ ಎರಡು ಸಂಖ್ಯೆ ಮಾತ್ರ ನೋಡಿದರೆ ಟ್ರೇಡು ಭರ್ತಿ, ಎಲ್ಲ ಚೆನ್ನಾಗಿದೆ. ಕೊನೆಯ ಸಂಖ್ಯೆ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಅದನ್ನು ನೀವೇ ಫೋನ್ ಮಾಡಿ ತಿಳಿಯಬೇಕು.

ದೇಶದ ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ಮತ್ತು ಫಿಟ್ಟರ್ ಸೀಟುಗಳೇ ಹೆಚ್ಚು. ನಮ್ಮ ಸೀಮೆಯೂ ಹಾಗೇ. ಖಾಸಗಿ ಐಟಿಐಯವರು ಎಲೆಕ್ಟ್ರಿಷಿಯನ್ ಟ್ರೇಡನ್ನೇ ತೆರೆಯುವುದಕ್ಕೆ ಕಾರಣ ಸರಳ. ಹುಡುಗರು ಅದನ್ನೇ ಕೇಳುತ್ತಾರೆ. ಹುಡುಗರು ಕೇಳುವುದು ಲೈನ್‌ಮನ್ ಕೆಲಸ ಸಿಗಲಿ ಅಂತ. ಅದು ತಪ್ಪಲ್ಲ. ಆದರೆ ಒಂದೇ ತಾಲ್ಲೂಕಿನಲ್ಲಿ ಆರು ಕಡೆ ಎಲೆಕ್ಟ್ರಿಷಿಯನ್ ಇದ್ದು, ಕೃಷಿ ಯಂತ್ರಗಳ ಮೆಕ್ಯಾನಿಕ್ ಟ್ರೇಡು ಒಂದು ಕಡೆಯೂ ಇಲ್ಲ ಅಂದರೆ ಅದು ಭತ್ತದ ಸೀಮೆಯ ಐಟಿಐ ಹೇಗಾದೀತು?

ನಾಲ್ಕನೇ ಹಂತ: ಎರಡೂ ಪಟ್ಟಿ ಎದುರುಬದುರು ಇಡಿ

ಇಲ್ಲಿ ನಿಧಾನ ಮಾಡಿ. ನಾನು ಮೊದಲ ಸಲ ಮಾಡಿದ ತಪ್ಪು, ಪ್ರತಿಯೊಂದು ಕೊರತೆಗೂ ಒಂದೊಂದು ಕೋರ್ಸ್ ಬರೆದದ್ದು. ಈಗ ಹಾಗೆ ಮಾಡುವುದಿಲ್ಲ. ಕೊರತೆ ಕಂಡಾಗ ಅದು ಯಾವ ಜಾತಿಯದು ಅಂತ ಮೊದಲು ಕೇಳಿಕೊಳ್ಳುತ್ತೇನೆ.

ಕೆಲವು ಕೊರತೆ ಕೌಶಲ್ಯದ್ದೇ ಅಲ್ಲ, ಸಂಬಳದ್ದು. "ಹುಡುಗರು ನಿಲ್ಲಂಗಿಲ್ರಿ" ಅನ್ನುವ ಮಾಲೀಕರು ಎಷ್ಟು ಕೊಡುತ್ತಾರೆ ಕೇಳಿ. ಮೂಟೆ ಹೊರುವ ಹಮಾಲರ ಒಳ್ಳೆ ತಿಂಗಳ ದುಡಿಮೆಗಿಂತ ಫಿಟ್ಟರಿನ ಸಂಬಳ ಕಡಿಮೆ ಇದ್ದರೆ ಹುಡುಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಇನ್ನೂ 20 ಜನಕ್ಕೆ ತರಬೇತಿ ಕೊಟ್ಟರೆ ಇನ್ನೂ 20 ಜನ ಬಸ್ಸು ಹತ್ತುತ್ತಾರೆ. ಇದನ್ನು ಸಭೆಯಲ್ಲಿ ನೇರವಾಗಿ ಹೇಳಬೇಕು. ಮುಖ ಸಣ್ಣಗಾಗುತ್ತದೆ. ಪರವಾಗಿಲ್ಲ.

ಇನ್ನು ಕೆಲವು, ಸಾರ್ಟೆಕ್ಸ್ ಥರ, ಇರುವ ಪಾಠವನ್ನೇ ಸರಿಯಾಗಿ ಕಲಿಸಿದರೆ ಮುಗಿಯುತ್ತವೆ. ಇದಕ್ಕೆ ಯಾರ ಅನುಮತಿಯೂ ಬೇಡ. ಒಂದು ಹಳೆ ಕಂಪ್ರೆಸರ್, ಮಿಲ್ಲಿನವರು ಬಿಸಾಡಿದ ನಾಲ್ಕು ವಾಲ್ವು, ಒಬ್ಬ ಹುರುಪಿನ ಜೆಟಿಓ ಸಾಕು.

ಕೆಲವಕ್ಕೆ ಬೇರೆ ಇಲಾಖೆಯ ಚೀಟಿ ಬೇಕು. ಅಕ್ಕಿ ಮಿಲ್ಲಿನ ಹೊಟ್ಟು ಉರಿಸುವ ಬಾಯ್ಲರ್ ನೋಡಿಕೊಳ್ಳಲು ಸರ್ಟಿಫಿಕೇಟ್ ಇರುವ ಬಾಯ್ಲರ್ ಅಟೆಂಡೆಂಟ್ ಬೇಕು ಅಂತ ಕಾನೂನು. ಆ ಪರೀಕ್ಷೆ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯದು, ಐಟಿಐಯದ್ದಲ್ಲ. ಐಟಿಐ ಪಾಸಾದವನಿಗೂ ಗುತ್ತಿಗೆ ವೈರಿಂಗ್ ಮಾಡಲು ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಬೇಕು. ಹುಡುಗ ಎರಡು ವರ್ಷ ಓದಿ, ಈ ಒಂದು ಅರ್ಜಿ ಹಾಕದೆ ಕೆಲಸ ಕಳೆದುಕೊಳ್ಳುತ್ತಾನೆ. ಕೊನೆಯ ತಿಂಗಳಲ್ಲಿ ಅರ್ಜಿ ತುಂಬಿಸುವ ಕೆಲಸ ಐಟಿಐಯೇ ವಹಿಸಿಕೊಳ್ಳಲಿ.

ಕೆಲವು ತಿಂಗಳಲ್ಲಿ ಕಲಿಯುವಂಥವು. ಮೋಟರ್ ರಿವೈಂಡಿಂಗ್ ಅಂಥದ್ದು. ಅದಕ್ಕೆ ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ, ಇದೆ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟಿ ಅಂತ ಶುರುವಾದದ್ದನ್ನೇ ನೋಡಿ ಮುಂದೆ ದೇಶದ ಜಿಲ್ಲೆಜಿಲ್ಲೆಗೂ ಆರ್‌ಸೆಟಿ ಮಾಡಿದರು. ಬ್ಯಾಂಕಿನವರು ನಡೆಸುತ್ತಾರೆ. ಊಟ, ವಸತಿ, ತರಬೇತಿ ಎಲ್ಲ ಪುಕ್ಕಟೆ. ಅಂಗಡಿ ಇಡುವವನಿಗೆ ಸಾಲದ ದಾರಿಯೂ ಅಲ್ಲೇ. ಎರಡು ವರ್ಷದ ಟ್ರೇಡಿಗೆ ಇಂಥದ್ದನ್ನು ತುರುಕಬೇಡಿ.

ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದೇ ನಿಜವಾದ ಹೊಸ ಟ್ರೇಡಿನ ಬೇಡಿಕೆ. ಒಂದೋ ಎರಡೋ ಉಳಿಯುತ್ತವೆ. ಅಷ್ಟೇ ಸಾಕು.

ಇನ್ನೊಂದು ಎಚ್ಚರ. ಊರಿಗೆ ಹೊಂದಿಸುವ ಉತ್ಸಾಹದಲ್ಲಿ ಹುಡುಗನನ್ನು ಊರಿಗೇ ಕಟ್ಟಿಹಾಕಬೇಡಿ. "ಅಕ್ಕಿ ಮಿಲ್ ತಂತ್ರಜ್ಞ" ಅಂತ ಎರಡು ವರ್ಷದ ಸರ್ಟಿಫಿಕೇಟ್ ಕೊಟ್ಟರೆ ಮಿಲ್ಲು ಮುಚ್ಚಿದ ದಿನ ಅವನ ಗತಿ ಏನು? ಬುಡ ದೇಶವೆಲ್ಲ ಒಪ್ಪುವ ಟ್ರೇಡೇ ಇರಲಿ. ಫಿಟ್ಟರ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್, ಕೃಷಿ ಯಂತ್ರಗಳ ಮೆಕ್ಯಾನಿಕ್. ಊರಿನ ಕೆಲಸವನ್ನು ಅದರ ತುದಿಗೆ ಸೇರಿಸಿ.

ಐದನೇ ಹಂತ: ಮುಚ್ಚುವುದು

ಹೊಸದು ತೆರೆಯುವುದಕ್ಕೆ ಟೇಪು ಕತ್ತರಿಸಲು ಹತ್ತು ಜನ ಬರುತ್ತಾರೆ. ಹಳೆಯದು ಮುಚ್ಚುವುದಕ್ಕೆ ಯಾರೂ ಬರುವುದಿಲ್ಲ. ಆದರೆ ಜಾಗ, ಕರೆಂಟು, ಜೆಟಿಓ ಹುದ್ದೆ ಎಲ್ಲವೂ ಹಳೆಯ ಟ್ರೇಡಿನಲ್ಲೇ ಸಿಕ್ಕಿಕೊಂಡಿರುತ್ತದೆ.

ನನ್ನ ಲೆಕ್ಕ ಇದು. ಮೂರು ವರ್ಷ ಸತತವಾಗಿ ಸೀಟು ಅರ್ಧದಷ್ಟೂ ತುಂಬದ, ಕೊನೆಯ ಸಂಖ್ಯೆ ಎರಡು-ಮೂರು ದಾಟದ ಯೂನಿಟ್ಟನ್ನು (ಟ್ರೇಡಿನ ಒಂದು ತಂಡವನ್ನು) ಮೊದಲು ನಿಲ್ಲಿಸಿ. ಪೂರ್ತಿ ಟ್ರೇಡು ಬೇಡ, ಎರಡು ಯೂನಿಟ್ ಇದ್ದರೆ ಒಂದು. ಓದುತ್ತಿರುವ ಬ್ಯಾಚು ಮುಗಿಯುವವರೆಗೆ ಕಾಯಲೇಬೇಕು. ಎರಡು ವರ್ಷದ ಟ್ರೇಡಾದರೆ ಎರಡು ವರ್ಷ ಮೊದಲೇ ನಿರ್ಧಾರ ಆಗಿರಬೇಕು ಅಂತಾಯಿತು.

ಜೆಟಿಓ ಬಗ್ಗೆ ಒಂದು ಮಾತು. ಟ್ರೇಡು ಮುಚ್ಚುತ್ತಾರೆ ಅಂದ ಕೂಡಲೇ ಆತನಿಗೆ ವರ್ಗಾವಣೆಯ ಭಯ. ಮಕ್ಕಳ ಶಾಲೆ, ಮನೆಯ ಸಾಲ ಎಲ್ಲ ಇರುತ್ತದೆ. ಆತನನ್ನು ಕೂರಿಸಿಕೊಂಡು ಮೊದಲೇ ಮಾತಾಡಿ. ಟರ್ನರ್, ಅಂದರೆ ಲೇತಿನ ಕೆಲಸ, ಕಲಿಸಿದವನು ಕಂಪ್ಯೂಟರಿನಿಂದ ಓಡುವ ಸಿಎನ್‌ಸಿ ಯಂತ್ರವನ್ನೂ ಕಲಿಸಬಲ್ಲ, ತರಬೇತಿಗೆ ಕಳಿಸಿದರೆ. ಹಾಗೆ ಮಾಡದೆ ನೇರ ಆದೇಶ ತಂದರೆ ಆತ ಸ್ಥಳೀಯ ಮುಖಂಡರ ಮನೆಗೆ ಹೋಗುತ್ತಾನೆ. ಫೈಲು ಅಲ್ಲಿಗೆ ನಿಲ್ಲುತ್ತದೆ.

ಖಾಸಗಿಯವರ ಸೀಟು ನೀವು ನೇರವಾಗಿ ಕಡಿಮೆ ಮಾಡಲಾಗದು. ಆದರೆ ಹೊಸ ಯೂನಿಟ್ಟಿಗೆ ಅವರು ಅರ್ಜಿ ಹಾಕಿದಾಗ "ಈ ತಾಲ್ಲೂಕಿನಲ್ಲಿ ಇದು ಸಾಕಷ್ಟಿದೆ" ಅಂತ ಜಿಲ್ಲಾ ಯೋಜನೆಯಲ್ಲಿ ಲೆಕ್ಕದ ಸಮೇತ ಬರೆದಿರಬೇಕು. ಬರೆದ ಕಾಗದಕ್ಕೆ ಬೆಲೆ ಇದೆ.

ಆರನೇ ಹಂತ: ಹೊಸದು ತೆರೆಯುವುದು

ಅರ್ಜಿ, ಫೀಸು, ತಪಾಸಣೆ ಎಲ್ಲ ಡಿಜಿಟಿ ಪೋರ್ಟಲ್ಲಿನಲ್ಲಿ. ಟ್ರೇಡಿಗೆ ಇಷ್ಟು ಚದರ ಮೀಟರ್ ಜಾಗ, ಇಷ್ಟು ಕಿಲೋವ್ಯಾಟ್ ಕರೆಂಟು, ಈ ಪಟ್ಟಿಯ ಉಪಕರಣ, ಈ ಅರ್ಹತೆಯ ಬೋಧಕರು ಅಂತ ಸಿಲಬಸ್ಸಿನ ಜೊತೆಗೇ ಕೊಟ್ಟಿರುತ್ತಾರೆ. ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ತಪಾಸಣೆಗೆ ಬಂದವರು ನೋಡುವುದು ಅದನ್ನೇ.

ಕರೆಂಟಿನ ವಿಷಯ ಮಾತ್ರ ಮರೆಯಬೇಡಿ. ನಾನಿದ್ದ ಒಂದು ಐಟಿಐಗೆ ಸಿಎನ್‌ಸಿ ಯಂತ್ರ ಬಂತು. ಪೂಜೆ ಆಯಿತು, ತೆಂಗಿನಕಾಯಿ ಒಡೆದೆವು, ಫೋಟೋ ತೆಗೆಸಿಕೊಂಡೆವು. ಆಮೇಲೆ ಅದಕ್ಕೆ ಪ್ಲಾಸ್ಟಿಕ್ ಹೊದಿಸಿದೆವು. ಒಂದೂವರೆ ವರ್ಷ ಅದು ಹೊದ್ದುಕೊಂಡೇ ಇತ್ತು. ಲೋಡು ಸಾಲದು ಅಂತ ಯಂತ್ರ ಬರುವ ಮೊದಲು ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಯಂತ್ರಕ್ಕೆ ಬೇಡಿಕೆ ಹಾಕುವ ದಿನವೇ, ಕರೆಂಟು ಕೊಡುವ ಜೆಸ್ಕಾಂಗೆ ಹೆಚ್ಚುವರಿ ಲೋಡಿನ ಅರ್ಜಿ ಹಾಕಿ. ಬೇರೆ ಕಡೆಯವರು ನಿಮ್ಮ ನಿಮ್ಮ ಎಸ್ಕಾಂಗೆ.

ದುಡ್ಡಿನ ದಾರಿ ಹಲವು. ಕಲ್ಯಾಣ ಕರ್ನಾಟಕದವರಿಗೆ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಸಮಿತಿಯ ಖಾತೆ ಇದೆ. 2025ರಲ್ಲಿ ಕೇಂದ್ರ ಸರ್ಕಾರ 60,000 ಕೋಟಿ ರೂಪಾಯಿಯ ಪಿಎಂ-ಸೇತು ಯೋಜನೆ ತಂದಿದೆ. ಸಾವಿರ ಸರ್ಕಾರಿ ಐಟಿಐಗಳು, 200 ಹಬ್, 800 ಅದಕ್ಕೆ ಸೇರಿದವು. ನಿಮ್ಮದು ಆ ಪಟ್ಟಿಗೆ ಬಂದರೆ ಯಾವ ಉಪಕರಣ ಬೇಕು ಅಂತ ತೀರ್ಮಾನವಾಗುವ ಮೊದಲೇ ನಿಮ್ಮ ಸಮೀಕ್ಷೆ ಸಿದ್ಧ ಇರಲಿ.

ಇದಕ್ಕೂ ಮೊದಲು ಕರ್ನಾಟಕದಲ್ಲಿ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಸುಮಾರು 4,600 ಕೋಟಿ ರೂಪಾಯಿಯಲ್ಲಿ ಮೇಲ್ದರ್ಜೆಗೆ ಏರಿಸಿದರು. 2022ರ ಜೂನಿನಲ್ಲಿ ಉದ್ಘಾಟನೆಯಾಯಿತು. ರೋಬಾಟಿಕ್ಸ್, ಎಲೆಕ್ಟ್ರಿಕ್ ವಾಹನದ ಮೆಕ್ಯಾನಿಕ್, ಅಡ್ವಾನ್ಸ್ಡ್ ಸಿಎನ್‌ಸಿ ಅಂತ ಹೊಸ ಟ್ರೇಡುಗಳು ಬಂದವು. ಒಳ್ಳೆಯದೇ. ನಮ್ಮೂರಿನಲ್ಲಿ ರೋಬೋ ಯಾಕೆ ಅಂತ ಗೇಲಿ ಮಾಡುವವರಿದ್ದಾರೆ. ನಾನು ಮಾಡುವುದಿಲ್ಲ. ಆಟೊಮೇಷನ್ ಕಲಿಸುವ ಲ್ಯಾಬಿನ ಸೆನ್ಸರ್, ವಾಲ್ವು ಇವೇ ತಾನೆ ಸಾರ್ಟೆಕ್ಸಿನ ಒಳಗಿರುವುದು? ಅಂಥ ಲ್ಯಾಬ್ ನಿಮ್ಮ ಹತ್ತಿರ ಇದ್ದರೆ ಬೀಗ ತೆಗೆಸಿ, ಪಕ್ಕದ ತಾಲ್ಲೂಕಿನ ಫಿಟ್ಟರ್ ಹುಡುಗರಿಗೂ ವಾರಕ್ಕೊಂದು ದಿನ ಬಿಡಿ.

ಹೊಸ ಟ್ರೇಡಿಗಿಂತ ಬೇಗ ಆಗುವ ಎರಡು ದಾರಿ ಇವೆ. ಒಂದು ದ್ವಿ-ತರಬೇತಿ ಪದ್ಧತಿ, 2016ರಿಂದ ಇದೆ. ಥಿಯರಿ ಐಟಿಐಯಲ್ಲಿ, ಪ್ರಾಕ್ಟಿಕಲ್‌ನ ಒಂದು ಪಾಲು ಕಾರ್ಖಾನೆಯಲ್ಲಿ, ಒಪ್ಪಂದ ಮಾಡಿಕೊಂಡು. ಇನ್ನೊಂದು ಅಪ್ರೆಂಟಿಸ್. 1961ರ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್ ತೆಗೆದುಕೊಳ್ಳಲೇಬೇಕು. ಗುತ್ತಿಗೆಯವರೂ ಆ ಲೆಕ್ಕದಲ್ಲಿ ಬರುತ್ತಾರೆ. ನಾಲ್ಕರಿಂದ 29 ಜನರಿದ್ದರೆ ಇಷ್ಟ ಇದ್ದರೆ ತೆಗೆದುಕೊಳ್ಳಬಹುದು. ಸ್ಟೈಪೆಂಡಿನ ಶೇ 25, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಕೊಡುತ್ತದೆ.

ಅಕ್ಕಿ ಮಿಲ್ಲುಗಳು ಜಾಸ್ತಿ ಈ ಎರಡನೇ ಗುಂಪಿನವು. ಅದೂ ಅಲ್ಲದೆ ವರ್ಷವಿಡೀ ಓಡುವುದಿಲ್ಲ. ಇದಕ್ಕೂ ಕಾಯ್ದೆಯಲ್ಲಿ ಜಾಗವಿದೆ. ಹಲವು ಮಾಲೀಕರು ಸೇರಿ, ಅಪ್ರೆಂಟಿಸನ್ನು ಒಬ್ಬರಿಂದ ಒಬ್ಬರಿಗೆ ಕಳಿಸಿ ತರಬೇತಿ ಕೊಡಬಹುದು. ಸುಗ್ಗಿಯಲ್ಲಿ ಮಿಲ್ಲು, ಉಳಿದ ತಿಂಗಳು ಫ್ಯಾಬ್ರಿಕೇಷನ್ ಶೆಡ್ಡು. ಕಾಗದದ ಕೆಲಸ ಮಿಲ್ಲಿನ ಸಂಘದ ಗುಮಾಸ್ತರಿಗೆ ವಹಿಸಿ. ಮಾಲೀಕರಿಗೆ ಪೋರ್ಟಲ್ಲು ತೋರಿಸಿದರೆ ಅಲ್ಲೇ ಕೈಬಿಡುತ್ತಾರೆ.

ಏಳನೇ ಹಂತ: ಕಲಿಸುತ್ತಿದ್ದಾರೆಯೇ ಅಂತ ನೋಡುವುದು

ತಪಾಸಣೆ ಅಂದರೆ ರಿಜಿಸ್ಟರ್ ತಿರುವಿ ಚಹಾ ಕುಡಿದು ಬರುವುದಲ್ಲ. ಹೇಳದೆ ಹೋಗಿ. ಆಫೀಸಿಗೆ ಹೋಗದೆ ನೇರ ವರ್ಕ್‌ಶಾಪಿಗೆ.

ವೆಲ್ಡಿಂಗ್ ಶೆಡ್ಡಿನಲ್ಲಿ ರಾಡಿನ ತುಂಡುಗಳ ಡಬ್ಬ ಹುಡುಕಿ. ಒಂದು ರಾಡು ಉರಿಯುವುದಕ್ಕೆ ಸುಮಾರು ಒಂದು ನಿಮಿಷ. ಒಬ್ಬ ಹುಡುಗ ದಿನಕ್ಕೆ ಹತ್ತು ರಾಡಾದರೂ ಉರಿಸದೆ ಕೈ ಕೂರುವುದಿಲ್ಲ. ಅಂದರೆ 20 ಹುಡುಗರಿಗೆ ದಿನಕ್ಕೆ 200 ತುಂಡು. ಡಬ್ಬದಲ್ಲಿ ಮೂವತ್ತು ತುಂಡಿದ್ದು, ಅದರಲ್ಲೂ ತುಕ್ಕು ಹಿಡಿದಿದ್ದರೆ ಮುಂದೆ ಯಾವ ರಿಜಿಸ್ಟರೂ ನೋಡಬೇಕಿಲ್ಲ.

ಲೇತಿನ ಚಕ್ಕಿನಲ್ಲಿ ಜೇಡರ ಬಲೆ ಇದೆಯೇ? ಕೆಳಗಿನ ಟ್ರೇನಲ್ಲಿ ಕಬ್ಬಿಣದ ಸುರುಳಿ ಹೊಸತೋ ಹಳೆಯದೋ? ಅರಗಳ ಹಲ್ಲಿನಲ್ಲಿ ಕಬ್ಬಿಣದ ಪುಡಿ ಕೂತಿದೆಯೇ, ಇಲ್ಲಾ ಅಂಗಡಿಯ ಎಣ್ಣೆಯೇ ಇನ್ನೂ ಮೆತ್ತಿಕೊಂಡಿದೆಯೇ? ಆಮೇಲೆ ಆರು ತಿಂಗಳ ಕರೆಂಟು ಬಿಲ್ಲು ತರಿಸಿ. ಹತ್ತು ಲೇತು ಓಡುವ ಕಡೆ ಮನೆಯ ಬಿಲ್ಲಿನಷ್ಟೇ ಬಂದಿದ್ದರೆ ಲೇತು ಓಡುತ್ತಿಲ್ಲ.

ಕೊನೆಗೆ ಒಬ್ಬ ಹುಡುಗನನ್ನು ಕರೆದು ಕೈ ತೋರಿಸು ಅನ್ನಿ. ಅರ ಉಜ್ಜಿದ ಕೈಗೆ ಅದರದ್ದೇ ಗುರುತು ಇರುತ್ತದೆ.

ತಪ್ಪು ಸಿಕ್ಕಿದಾಗ ಮೊದಲು ಕಾರಣ ಕೇಳಿ. ಕಚ್ಚಾ ಸಾಮಗ್ರಿಗೆ ದುಡ್ಡು ಬಂದಿಲ್ಲದೆ ಇರಬಹುದು. ಒಬ್ಬ ಜೆಟಿಓ ಮೂರು ಯೂನಿಟ್ ನೋಡುತ್ತಿರಬಹುದು. ಆ ದುಡ್ಡಿನ ತೊಂದರೆಗೆ ನಿರ್ವಹಣಾ ಸಮಿತಿಯ ಖಾತೆ ಇದೆ. ಊರಿನ ಕೆಲಸದ ಆರ್ಡರ್ ತಂದು ಮಾಡಿಸುವುದೂ ಒಂದು ದಾರಿ. ಶಾಲೆಯ ಬೆಂಚು, ಪಂಚಾಯಿತಿಯ ಗೇಟು. ಸಾಮಗ್ರಿ ಅವರದು, ಕೈ ಹುಡುಗರದು.

ಹುಡುಗಿಯರು

ಇದಕ್ಕೆ ಹಂತದ ನಂಬರ್ ಕೊಟ್ಟಿಲ್ಲ, ಯಾಕೆಂದರೆ ಮೊದಲ ದಿನದಿಂದಲೂ ಇರಬೇಕಾದದ್ದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ಹೆಣ್ಣುಮಕ್ಕಳಿಂದ ಟಿಕೆಟ್ ದುಡ್ಡಿಲ್ಲ. ಆದರೆ ಹಳ್ಳಿಯ ಬಸ್ಸು ಒಂಬತ್ತೂವರೆಗೆ ಬಂದು, ಐಟಿಐ ಅದಕ್ಕಿಂತ ಮೊದಲೇ ಶುರುವಾದರೆ ಪುಕ್ಕಟೆ ಬಸ್ಸಿನಿಂದ ಏನು ಪ್ರಯೋಜನ? ಡಿಪೋ ಮ್ಯಾನೇಜರ್ ಹತ್ತಿರ ಹೋಗಿ ಒಂದು ಟ್ರಿಪ್ಪು ಹಿಂದೆಮುಂದೆ ಮಾಡಿಸಿ. ಬೀಗ ಹಾಕದ, ನೀರಿರುವ ಶೌಚಾಲಯ ಇದೆಯೇ ಅಂತ ನೀವೇ ಹೋಗಿ ನೋಡಿ. ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಬ್ಯಾಚಿಗೆ ಹುಡುಗಿಯರು ಬರುತ್ತಾರೆ. ಬರದೆ ಇದ್ದರೆ ಕಾರಣ ಜಾಸ್ತಿ ಸಲ ಬಸ್ಸು ಇಲ್ಲಾ ಬಾತ್‌ರೂಮು.

ಎಂಟನೇ ಹಂತ: ಫೋನು

ಪಾಸಾಗಿ ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಒಂದೊಂದು ಫೋನು. ಪ್ರವೇಶದ ದಿನವೇ ಹುಡುಗನ ನಂಬರಿನ ಜೊತೆ ಅಮ್ಮನ ನಂಬರನ್ನೂ ಬರೆದುಕೊಳ್ಳಿ. ಹುಡುಗರ ಸಿಮ್ಮು ಬದಲಾಗುತ್ತಲೇ ಇರುತ್ತದೆ, ಅಮ್ಮಂದಿರದು ಬದಲಾಗುವುದಿಲ್ಲ. ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಮಾಡಿ. "ಕೆಲಸ ಸಿಕ್ಕಿತೇ" ಅಂತ ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. "ನಿನ್ನೆ ಯಾವ ಮಷಿನ್ ಮೇಲೆ ಕೆಲಸ ಮಾಡಿದೆ" ಅಂತ ಕೇಳಿ.

ಒಬ್ಬ ಫಿಟ್ಟರ್ ಹುಡುಗನಿಗೆ ಹೀಗೇ ಮಾಡಿದ್ದೆ. ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ ಅಂದ. ಮಷಿನ್ ಯಾವುದು ಅಂದರೆ ಲಾರಿ ತೂಗುವ ವೇಬ್ರಿಜ್ ಅಂದ. ಲಾರಿ ಬಂದಾಗ ಚೀಟಿ ಬರೆಯುವುದು. ಎರಡು ವರ್ಷ ಅರ ಉಜ್ಜಿದವನು ಚೀಟಿ ಬರೆಯುತ್ತಿದ್ದ. ಸಂಬಳ ಪರವಾಗಿಲ್ಲ ಸರ ಅಂದ. ಅವನ ಹೆಸರಿನ ಮುಂದೆ ಐದನೇ ಕಾಲಮ್ಮಿನಲ್ಲಿ ಏನು ಬರೆಯಬೇಕು ಅಂತ ತುಸು ಹೊತ್ತು ಯೋಚಿಸಿದೆ. ಸೊನ್ನೆ ಬರೆದೆ. ಆಮೇಲೆ ಅದೇ ಮಿಲ್ಲಿನ ಮಾಲೀಕರಿಗೆ ಫೋನ್ ಮಾಡಿ, ಈ ಸೀಸನ್ನಿಗೆ ಕಂಪ್ರೆಸರ್ ಡ್ರೈನ್ ಮಾಡುವವರು ಯಾರು ಅಂತ ಕೇಳಿದೆ.

ಜನವರಿಯಲ್ಲಿ ಕೂತು ಈ ಕಾಲಮ್ಮುಗಳನ್ನೆಲ್ಲ ಒಟ್ಟು ಮಾಡಿ. ಸಮೀಕ್ಷೆಯ ಹಳೆ ನೋಟ್‌ಬುಕ್ ತೆಗೆದು ಮಾರ್ಚಿನೊಳಗೆ ಮತ್ತೊಂದು ಸುತ್ತು ಹೋಗಿ ಬನ್ನಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ಹೊತ್ತಿಗೆ ಯಾವ ಟ್ರೇಡಿಗೆ ಎಷ್ಟು ಸೀಟು ಅಂತ ಹುಡುಗರಿಗೆ ಹೇಳುವಂತಿರಬೇಕು. ಆಗಸ್ಟಿಗೆ ತರಗತಿ ಶುರು.